ಕಸ್ತೂರಬಾಯಿ ಮೇಡಂ ಅವರ ಕರಿ ಕಂಬಳಿ

ಸೂಕ್ಷ್ಮದರ್ಶಕದ ಮೇಲೆ ಕರಿ ಕಂಬಳಿ ಹೊದಿಸಿ, ತಾವೂ ಅದರೊಳಗೆ ತಲೆ ತೂರಿಸಿ ಕೂರುತ್ತಿದ್ದವರು ಕಸ್ತೂರಬಾಯಿ ಮೇಡಂ. ಬೀದರದ ನಮ್ಮ ಪ್ರಯೋಗಾಲಯಕ್ಕೆ ದುಬಾರಿ ಯಂತ್ರ ಬಂತು, ಕಿಟಕಿಗೊಂದು ನೆಟ್ಟಗಿನ ಪರದೆ ಬರಲಿಲ್ಲ. ಹೊರಗಿನ ಬೆಳಕು ತಡೆಯಲು ಮೇಡಂ ಡಾಬಕಾದ ತವರಿನಿಂದ ಕುರಿಯುಣ್ಣೆಯ ಕಂಬಳಿ ತಂದರು. ಅದರ ವಾಸನೆಗೆ ನಾವೆಲ್ಲ ಸೀನುತ್ತಿದ್ದೆವು. "ಸೀನ್ರಿ, ಬ್ಯಾಡ ಅನ್ನಂಗಿಲ್ಲ. ಮಷೀನ್ ಅಲುಗಾಡಿಸಬ್ಯಾಡ್ರಿ ಅಷ್ಟ," ಎನ್ನುತ್ತಿದ್ದರು.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ಕ್ಯಾನ್ಸರ್ ಔಷಧಿಯನ್ನು ಅತಿ ಸೂಕ್ಷ್ಮ ಕಣಗಳಲ್ಲಿ ತುಂಬಿ, ಹೊಳೆಯುವ ಹಸಿರು ಬಣ್ಣ ಸೇರಿಸಿ, ಜೀವಂತ ಕೋಶದೊಳಗೆ ಅವು ಎಲ್ಲಿಗೆ ಹೋಗುತ್ತವೆಂದು ನೋಡುವುದು. ಲೇಸರ್ ಬೆಳಕು ಹೆಚ್ಚಾದರೆ ಕೋಶವೇ ಸಾಯುತ್ತದೆ. ಒಮ್ಮೆ ಬಂದ ದೊಡ್ಡ ಸಾಹೇಬರೊಬ್ಬರು, ಏನೂ ಕಾಣುತ್ತಿಲ್ಲ, ಬೆಳಕು ಏರಿಸಿ ಎಂದರು.

"ಏರಿಸಿದ್ರ ಸಾಯ್ತಾವ್ರಿ ಸಾಹೇಬ್ರ. ಒಳಗ ಜೀವ ಅದರಿ. ನಿಮ್ಮ ಕಣ್ಣಿಗೇ ಕತ್ತಲಿ ರೂಢಿ ಆಗಲಿ, ಕೂಡ್ರಿ," ಎಂದು ಮೇಡಂ ಅವರ ತಲೆಯ ಮೇಲೂ ಕಂಬಳಿ ಎಳೆದರು.

ಕಣಗಳೇನೋ ಕೋಶದೊಳಗೆ ಹೋಗುತ್ತಿದ್ದವು. ಆದರೆ ಕೋಶ ಅವನ್ನು ಸಣ್ಣ ಚೀಲಗಳಲ್ಲಿ ಕಟ್ಟಿಹಾಕುತ್ತಿತ್ತು, ಔಷಧಿ ಹೊರಬರುತ್ತಿರಲಿಲ್ಲ. "ಬೀಗರು ಬಂದಾರ, ಪಡಸಾಲ್ಯಾಗೇ ಕುಂತಾರ," ಎಂದು ಮೇಡಂ ನಗುತ್ತಿದ್ದರು.

ಆಮೇಲೆ ಅವರ ಎದೆಯಲ್ಲೇ ಗಂಟು ಬಂತು. ಶಸ್ತ್ರಚಿಕಿತ್ಸೆಯಾದಾಗ ಅದರ ತುಣುಕನ್ನು ಹಟಹಿಡಿದು ನಮಗೇ ಕೊಡಿಸಿದರು. ಅದರ ಕೋಶಗಳನ್ನು ನಮ್ಮ ಬಟ್ಟಲಲ್ಲಿ ಬೆಳೆಸಿದೆವು.

ಠಾಣಾ ಕುಶನೂರಿನ ಮನೆಯಲ್ಲಿ ಕೊನೆಯ ಸಲ ಕಂಡಾಗ ಅವರ ದನಿ ಇಳಿದುಹೋಗಿತ್ತು.

"ಬೀಗರು ಒಳಗ ಬಂದ್ರೇನಪ?"

"ಇನ್ನಾ ಇಲ್ರಿ, ಮೇಡಂ."

"ಬರ್ತಾರ. ಆವತ್ತ, ಇವು ಮೇಡಂ ಕೋಶ ಅಂತ ಮಾರಿ ನೋಡಿ ಮರುಗಬ್ಯಾಡ. ಸಾಯೋತನಕ ಕುಂತು ನೋಡು."

ಅವರನ್ನು ಮಣ್ಣು ಮಾಡಿ ಬಂದಾಗ ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಭಾಲ್ಕಿಯಿಂದ ದಿನಾ ಬಸ್ಸಿಗೆ ಬರುತ್ತೇನೆ, ಕೈ ತೊಳೆಯುತ್ತೇನೆ, ಅವರ ಕೋಶಗಳಿಗೆ ಆಹಾರ ಹಾಕುತ್ತೇನೆ. ಒಳಗೆ ಏನೋ ಜೋಮು ಹಿಡಿದಂತಿದೆ.

ಮೊನ್ನೆ ಅವಕ್ಕೆ ಹೊಸ ಬಗೆಯ ಕಣ ಹಾಕಿ ಕಂಬಳಿಯೊಳಗೆ ಕೂತಿದ್ದೆ. ಚುಕ್ಕೆ ಚುಕ್ಕೆಯಾಗಿದ್ದ ಹಸಿರು ಒಡೆದು ಕೋಶದ ತುಂಬ ಹರಡಿತು. ಔಷಧಿ ಚೀಲದಿಂದ ಹೊರಬಂದಿತ್ತು. ಕೂಗಿ ಎಲ್ಲರನ್ನೂ ಕರೆಯಬೇಕಿತ್ತು, ಕರೆಯಲಿಲ್ಲ. ಕೋಶಗಳು ಒಂದೊಂದಾಗಿ ಮುದುಡತೊಡಗಿದವು. ಬೆಳಕಿಗೇ ಸತ್ತವೆಂದು ನಾಳೆ ಯಾರೂ ಅನ್ನಬಾರದು. ಲೇಸರ್ ಇನ್ನಷ್ಟು ಸಣ್ಣದು ಮಾಡಿದೆ.

ಕೊನೆಯದೂ ಮುದುಡುವ ತನಕ ಕೂತೆ. ಮಾರಿ ನೋಡಲಿಲ್ಲರಿ, ಮೇಡಂ.