ಮಾರ್ಗನ್ ಹಿಲ್‌ನ ನೀಲಿ ಸೈಕಲ್ಲು

ಹಳೆಯ ಸ್ಟೀಲ್ ಸೈಕಲ್ಲುಗಳ ಹುಚ್ಚನ್ನು ನನಗೆ ಹಿಡಿಸಿದವನೇ ಅವನು. ಧಾರವಾಡದ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು, ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸ್‌ನಲ್ಲಿ ಮನೆ. ಶನಿವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಸೈಕಲ್ ಹೊಡೆಯುತ್ತಿದ್ದೆವು. ಅಣ್ಣಾ, ನೀವು ಎಂದು ಬಾಯಿತುಂಬ ಕರೆಯುತ್ತಿದ್ದೆ. ಈಗ ಬರೆಯಲು ಕೂತರೆ ‘ಅವರು’ ಎನ್ನಲು ಮನಸ್ಸೇ ಬರುತ್ತಿಲ್ಲ.

ನನ್ನಂಥ ಕುಳ್ಳನಿಗೆ ಹೊಂದುವ ಹಳೆಯ ಸೈಕಲ್ಲು ಸಿಗುವುದು ಅಪರೂಪ. ಜಾಹೀರಾತು ನೋಡಿ ನೋಡಿ ಕಣ್ಣು ಸೋತಿತ್ತು. ಸಿಕ್ಕಿದ್ದೆಲ್ಲ ಒಂದೋ ದೊಡ್ಡದು, ಇಲ್ಲವೇ ಸೀಟಿನ ಕಂಬ ತುಕ್ಕು ಹಿಡಿದು ಅಲ್ಲಾಡದಂತೆ ಕಚ್ಚಿಕೊಂಡದ್ದು. ಕೊನೆಗೆ ಮಾರ್ಗನ್ ಹಿಲ್ ಎಂಬ ಊರಿನಲ್ಲಿ ಒಂದು ನೀಲಿ ಸೈಕಲ್ಲು ಕಂಡಿತು. ನೋಡಿಕೊಡಲು ಅವನನ್ನೇ ಕರೆದೆ. ಅವನೂ ನನ್ನಷ್ಟೇ ಎತ್ತರದವನು ಎಂಬುದು ಆಗ ತಲೆಗೇ ಹೊಳೆಯಲಿಲ್ಲ.

ಮಾರುತ್ತಿದ್ದವರು ವಯಸ್ಸಾದ ಅಮೆರಿಕನ್ ಹೆಂಗಸು. ಸೈಕಲ್ಲು ತೀರಿಹೋದ ಗಂಡನದು. ಒರೆಸಿ, ಗಾಳಿ ತುಂಬಿ ನಿಲ್ಲಿಸಿದ್ದರು. ಮನೆ ಮುಂದೆ ಒಂದು ಸುತ್ತು ಹೊಡೆದೆ. ಬೆನ್ನಿಗೂ ಕೈಗೂ ನನ್ನ ಅಳತೆ ತೆಗೆದು ಮಾಡಿಸಿದಂತಿತ್ತು. ಮನಸ್ಸಿನಲ್ಲಿ ಅದನ್ನು ಆಗಲೇ ಮನೆಗೆ ತಂದಾಗಿತ್ತು.

ಅವನು ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲಿನ ಹತ್ತಿರ ಕೊಳವೆಗಳು ಕೂಡುವ ಕಡೆ ಉಗುರು ಎಳೆದು ನೋಡಿದ.

“ಬ್ಯಾಡ ತಮ್ಮಾ. ಇಲ್ಲಿ ಬಿರುಕು ಬಿಟ್ಟದ. ಇಳಿಜಾರಿನ್ಯಾಗ ಮುರೀತಂದ್ರ ಒಂದು ಹಲ್ಲೂ ಉಳಿಯಂಗಿಲ್ಲ.”

“ರಿಪೇರಿ ಮಾಡ್ಸೋಕಾಗಲ್ವಾ ಅಣ್ಣಾ?”

“ಫ್ರೇಮ್ ಹೋತಂದ್ರ ಮುಗೀತು. ಅಕೀಗೂ ಹೇಳಿಬಿಡು, ಪಾಪ. ಬ್ಯಾರೆ ಯಾರಿಗೂ ಕೊಡಬಾರ್ದು.”

ಇಲ್ಲಿರುವ ನಮ್ಮವರಿಗೆಲ್ಲ ಇದೊಂದು ಚಾಳಿ. ಕಾರಿರಲಿ, ಸೋಫಾ ಇರಲಿ, ಮಾರುವವರ ಎದುರೇ ನಿಂತು, ನಗುಮುಖ ಇಟ್ಟುಕೊಂಡು, ಕನ್ನಡದಲ್ಲಿ ಅದರ ಜಾತಕ ಜಾಲಾಡುತ್ತೇವೆ. ಅದೇ ಮಾತನ್ನು ಅವನು ಇಂಗ್ಲಿಷಿನಲ್ಲಿ ಹೇಳಿದ್ದರೆ ನಾನೂ ಒಮ್ಮೆ ಬಗ್ಗಿ ನೋಡುತ್ತಿದ್ದೆನೇನೋ. ಕನ್ನಡದಲ್ಲಿ ಗುಟ್ಟಾಗಿ ಹೇಳಿದ್ದರಿಂದ ಮನೆಯವರ ಮಾತೆಂದು ನಂಬಿದೆ. ಆಕೆಗೆ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದವನೂ ನಾನೇ. ಆಕೆಯ ಮುಖ ಬಾಡಿತು. ಆದರೂ ಹೇಳಿ ಉಪಕಾರ ಮಾಡಿದಿರಿ ಎಂದು ನನ್ನ ಕೈ ಹಿಡಿದುಕೊಂಡರು.

ಕೆಲವು ವಾರಗಳ ನಂತರ ಪಂಪು ಕೇಳಲು ಅವನ ಮನೆಗೆ ಹೋದೆ. ಗ್ಯಾರೇಜಿನ ಗೋಡೆಯ ಮೇಲೆ ಅದೇ ನೀಲಿ ಸೈಕಲ್ಲು, ಹೊಸ ಟೈರು ಹಾಕಿಸಿಕೊಂಡು ತೂಗುತ್ತಿತ್ತು.

“ಅದಾ? ಸಾಮಾನು ಬಿಚ್ಕೊಳ್ಳೋಣಂತ ತಂದಿದ್ದೆ. ಒರೆಸಿ ನೋಡಿದ್ರ ಬಿರುಕಲ್ಲೋ, ಬಣ್ಣದ ಗೀರು! ನಿನಗ ಹೇಳಬೇಕಂತಿದ್ದೆ, ಮರ್ತೇಬಿಟ್ಟೆ ನೋಡು,” ಎಂದು ನಕ್ಕ.

ಮೈಯೆಲ್ಲ ಉರಿಯಿತು. ಆದರೂ ಅಷ್ಟು ವರ್ಷದ ಸ್ನೇಹ. ಕಣ್ಣು ಯಾರಿಗಾದರೂ ತಪ್ಪಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ವಾಪಸಾದೆ. ಆಕೆಗಾದರೂ ವಿಷಯ ತಿಳಿಯಲಿ, ಗಂಡ ಅಷ್ಟು ಕಾಲ ಮುರುಕು ಸೈಕಲ್ಲು ಹತ್ತುತ್ತಿದ್ದನೆಂಬ ಕೊರಗು ಬೇಡ ಎಂದು ಫೋನ್ ಮಾಡಿದೆ. ಬಿರುಕಿರಲಿಲ್ಲವಂತೆ, ಬರೀ ಗೀರಂತೆ ಎಂದೆ.



“ನಿಮ್ಮ ಜೊತೆ ಬಂದವರು ಅವತ್ತು ಸಂಜೆಯೇ ಮತ್ತೆ ಬಂದಿದ್ದರು,” ಎಂದರು ಆಕೆ. “ಯಾರಾದರೂ ಹತ್ತಿ ಬಿದ್ದಾರೆಂದು ನಿಮಗೆ ಚಿಂತೆಯಂತೆ, ಗುಜರಿಗೆ ಹಾಕಿ ಬರಲು ನೀವೇ ಕಳಿಸಿದ್ದಂತೆ. ನಿಮ್ಮ ಹೆಸರು ಹೇಳಿದ್ದಕ್ಕೇ ಸುಮ್ಮನೆ ಕೊಟ್ಟುಬಿಟ್ಟೆ.”

ನಾನು ಯಾರನ್ನೂ ಕಳಿಸಿರಲಿಲ್ಲ ಎಂದೆ. ನನ್ನ ದನಿ ನನಗೇ ಕಳ್ಳನ ದನಿಯಂತೆ ಕೇಳಿಸಿತು.

“ಹಾಗಾದರೆ ಅವತ್ತು ನನ್ನೆದುರು ನಿಂತು ನಿಮ್ಮ ಭಾಷೆಯಲ್ಲಿ ಇಬ್ಬರೂ ಏನು ಮಾತಾಡಿಕೊಂಡಿರಿ?”

ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ನಂಬಲು ಆಕೆಗೆ ಒಂದು ಕಾರಣವೂ ಇರಲಿಲ್ಲ.