ಎಂ-ಸೀಲ್ ಮೆತ್ತಿದ ಕೊಳಲು

ಕುವೈತಿನ ಖೈತಾನಿನಲ್ಲಿರುವ ನಮ್ಮ ಕಟ್ಟಡದಲ್ಲಿ ಏನು ಕೆಟ್ಟರೂ ಮೊದಲು ಬಾಯಿಗೆ ಬರುವ ಹೆಸರು ತನಿಯಪ್ಪನದು. ನಲ್ಲಿ ಸೋರಿದರೆ ತನಿಯಪ್ಪ, ಮಿಕ್ಸಿ ನಿಂತರೆ ತನಿಯಪ್ಪ, ಬಾಗಿಲಿನ ಹಿಡಿ ಕೈಗೇ ಕಿತ್ತು ಬಂದರೆ ತನಿಯಪ್ಪ. ಅವನ ಕೆಲಸವೇನೋ ಎಸಿ ರಿಪೇರಿ. ಆದರೆ ಜೇಬಿನಲ್ಲಿ ಸದಾ ಒಂದು ಎಂ-ಸೀಲ್ ಪೊಟ್ಟಣ. ಎರಡು ಬಣ್ಣದ ಆ ಮೇಣವನ್ನು ಬೆರಳಲ್ಲಿ ಕಲಸಿ ಮೆತ್ತಿಬಿಟ್ಟನೆಂದರೆ ಆಯಿತು, ಕಲ್ಲಿನ ಹಾಗೆ ಗಟ್ಟಿ. ನಮ್ಮ ಮನೆಯ ಬಕೆಟ್ಟು, ಸಿಂಕು, ದೇವರ ಮಂಟಪದ ಕಾಲು, ಎಲ್ಲದರಲ್ಲೂ ಅವನ ಕೈಯ ಗುರುತಿದೆ.

ಅವನು ಕಾಪುವಿನ ಕಡೆಯವನು, ಮನೆಮಾತು ತುಳು. ಕುವೈತಿಗೆ ಬಂದಾಗ ಮೀಸೆ ಕಪ್ಪಗಿತ್ತಂತೆ, ಈಗ ಪೂರ್ತಿ ಬಿಳಿ. ಹೆಂಡತಿ ಅಪ್ಪಿ ಇಲ್ಲೇ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅವರ ಪಕ್ಕದ ಮನೆಯಲ್ಲಿ ನಾನು, ನನ್ನ ಮಗ, ಸೊಸೆ ಚಿತ್ರಾ. ಅವರ ಬಚ್ಚಲಿನ ಕಿಟಕಿಯೂ ನಮ್ಮ ಅಡುಗೆಮನೆಯ ಕಿಟಕಿಯೂ ಒಂದೇ ಗಾಳಿಸಂದಿಗೆ ತೆರೆದುಕೊಂಡಿವೆ. ಅವರ ನಗು, ಜಗಳ, ಹಾಡು ಎಲ್ಲ ಆ ಸಂದಿನಿಂದ ನನ್ನ ಒಲೆಯ ಹತ್ತಿರ ಬಂದು ಕೂರುತ್ತವೆ.

ಹೋದ ಬೇಸಿಗೆಯ ಮಾತು. ಹವಲ್ಲಿಯಲ್ಲಿ ಮೊರಿತಾ ಎಂಬ ಜಪಾನಿ ಎಂಜಿನಿಯರ್ ಒಬ್ಬರಿದ್ದಾರೆ. ಅವರ ಮನೆಯ ಎಸಿಯನ್ನು ವರ್ಷಾನುಗಟ್ಟಲೆಯಿಂದ ನೋಡಿಕೊಳ್ಳುತ್ತಿದ್ದವನು ತನಿಯಪ್ಪ. ಊರಿನಲ್ಲಿ ಅವರ ತಾಯಿ ಬಿದ್ದು ಆಸ್ಪತ್ರೆ ಸೇರಿದರೆಂದು ಫೋನು ಬಂತು, ಹೊರಟು ನಿಂತರು. ಮನೆಗೆ ಬೀಗ ಹಾಕಿ ಎಸಿ ಆರಿಸಿದರೆ ಒಳಗೆ ಒಲೆಯ ಕಾವು. ಆ ಕಾವಿಗೆ ಅವರ ಬಿದಿರಿನ ಕೊಳಲು ಸೀಳಿಹೋಗುತ್ತದೆ. ಜೊತೆಗೆ ಒಯ್ಯೋಣವೆಂದರೆ ಅಲ್ಲಿ ಆಗ ಮಳೆಗಾಲ. ಈ ಒಣಗಾಳಿಗೆ ಒಗ್ಗಿಹೋದ ಬಿದಿರು ಆ ತೇವಕ್ಕೆ ಹೋಗಿ ತಿರುಗಿ ಬಂದರೆ ಅದೂ ಅಪಾಯ. ಅದು ಅವರಿಗೆ ಕಲಿಸಿದ ಗುರುಗಳ ಕೊಳಲಂತೆ, ಗುರುಗಳು ತೀರಿಕೊಂಡಿದ್ದಾರಂತೆ. ಬಟ್ಟೆಯಲ್ಲಿ ಸುತ್ತಿ ತನಿಯಪ್ಪನ ಕೈಗೆ ಕೊಟ್ಟರು. ಮನೆಯೊಳಗೆ ಸ್ವಲ್ಪ ತೇವ ಇರುವ ಕಡೆ ಇಡು, ಎಸಿಯ ಗಾಳಿ ನೇರ ಬೀಳದಿರಲಿ ಎಂದರು.

ಬರುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ವ್ಯಾನಿಗೆ ಬ್ರೇಕು ಹಾಕಬೇಕಾಯಿತು. ಹಿಂದೆ ಇದ್ದ ಟೂಲ್ ಬಾಕ್ಸ್ ಜಾರಿ ಹೋಗಿ ಆ ಬಟ್ಟೆಗಂಟಿಗೆ ಟಕ್ಕೆಂದು ಬಡಿಯಿತು. ಮನೆಗೆ ಬಂದವನೇ ತನಿಯಪ್ಪ ಗಂಟು ಬಿಚ್ಚಿ ನೋಡಿದ. ಕೊಳಲಿನ ತಲೆಯಲ್ಲಿ ಒಂದು ಚೂರು ಇಲ್ಲ. ಅಂಚು ಓರೆಯಾಗಿ ಹಾರಿಹೋಗಿದೆ. ಎಷ್ಟೋ ಹಿಂದೆ ಯಾರೋ ಅದೇ ಜಾಗಕ್ಕೆ ಕಪ್ಪು ತುಂಡೊಂದನ್ನು ಕೂರಿಸಿದ ಹಾಗಿತ್ತು, ಅದರ ಮೇಲ್ಭಾಗವೂ ಹೋಗಿದೆ ಎಂದುಕೊಂಡ. ವ್ಯಾನಿನಲ್ಲೆಲ್ಲ ಹುಡುಕಿದ, ಚೂರು ಸಿಗಲಿಲ್ಲ.

ಸಂಜೆ ಅದನ್ನು ಹಿಡಿದು ನಮ್ಮ ಮನೆಗೆ ಬಂದ. ಮುಖದಲ್ಲಿ ಸ್ವಲ್ಪ ನಗು ತಿರುಗಿ ಬಂದಿತ್ತು.

"ಅಮ್ಮಾ, ಎಲ್ಲಿ ಒಡೆದಿತ್ತು ಹೇಳಿ ನೋಡುವ."

ನಾನು ಕೊಳಲನ್ನು ಕೈಗೆ ತೆಗೆದುಕೊಂಡೆ. ಮೊಳಕ್ಕಿಂತ ತುಸು ಉದ್ದ, ಕೆಳತುದಿ ಬಿದಿರಿನ ಬೇರಿನ ಗಂಟುಗಳೇ, ಮುಂದೆ ನಾಲ್ಕು ತೂತು, ಹಿಂದೆ ಒಂದು. ತಲೆಯನ್ನು ಸುತ್ತ ಸವರಿದೆ. ನುಣುಪಾಗಿ ದುಂಡಗಿತ್ತು.

"ಗೊತ್ತಾಗ್ತಿಲ್ವಲ್ಲಪ್ಪ."

"ಗೊತ್ತಾಗ್ಬಾರ್ದು. ಎಂ-ಸೀಲ್ ಹಾಕಿ, ಪಾಲಿಶ್ ಪೇಪರಲ್ಲಿ ಉಜ್ಜಿ, ಮೇಲಿಂದ ಚಾದ ಡಿಕಾಕ್ಷನ್ ಕೊಟ್ಟಿದ್ದೇನೆ. ಬಣ್ಣ ಹೊಂದಿಸ್ಲಿಕ್ಕೆ."

ಚಿತ್ರಾ ಆಗ ತಾನೇ ಕ್ಲಿನಿಕ್ಕಿನಿಂದ ಬಂದಿದ್ದಳು. ಜಪಾನಿ ಕೊಳಲು ಎಂದೊಡನೆ ಫೋನು ತೆಗೆದಳು. "ಶಾಕುಹಾಚಿ ಅಂತಾರೆ ಇದಕ್ಕೆ, ಅಂಕಲ್. ತಡೀರಿ, ವೀಡಿಯೋ ಇದೆ." ಒಬ್ಬ ಮುದುಕರು ಕಣ್ಣು ಮುಚ್ಚಿ ಊದುತ್ತಿದ್ದರು. ಚಿತ್ರಾ ಪರದೆಯನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಆಮೇಲೆ ಇನ್ನೊಂದು ವೀಡಿಯೋ, ಮತ್ತೊಂದು.

"ಅಂಕಲ್, ಎಲ್ಲದರಲ್ಲೂ ಮೇಲೆ ಒಂದು ಕಟ್ ಇದೆಯಲ್ಲ. ತುಟಿಯ ಹತ್ತಿರ, ಓರೆಗೆ."

ತನಿಯಪ್ಪ ಫೋನನ್ನು ಕಸಿದುಕೊಂಡು ನೋಡಿದ. ಕುರ್ಚಿ ಪಕ್ಕದಲ್ಲೇ ಇದ್ದರೂ ನೆಲದ ಮೇಲೆ ಕೂತುಬಿಟ್ಟ.

"ಅದು ಅದರ ಬಾಯಿ," ಎಂದ. "ನಾನು ಅದರ ಬಾಯಿಗೇ ಮೆತ್ತಿದ್ದು."

ಮರುದಿನದಿಂದ ಕೆರೆಯುವ ಕೆಲಸ. ಬಿಸಿ ಗಾಳಿ ಹೊಡೆದರೆ ಬೇಗ ಬಿಡುತ್ತದೆ, ಆದರೆ ಬಿದಿರು ಸೀಳುತ್ತದೆ. ಚಾಕು ಹಾಕಿದರೆ ಅಂಚು ಹೋಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಲ್ಲಿಗೆ ಮಾತ್ರ ಒತ್ತಿ, ಐಸ್‌ಕ್ರೀಮ್ ಕಡ್ಡಿಯನ್ನು ಚೂಪು ಮಾಡಿ, ಉಗುರಿನಷ್ಟು ಉಗುರಿನಷ್ಟು ತೆಗೆದ. ಬಟ್ಟೆ ಹಿಂಡಿ ಕೊಡುವುದು ನನ್ನ ಪಾಲಿಗೆ ಬಂತು. ಕೊನೆಗೆ ಒಂದು ಮಧ್ಯಾಹ್ನ ಉಳಿದದ್ದೆಲ್ಲ ಇಡೀ ಒಂದೇ ಬಿಲ್ಲೆಯಾಗಿ ಕಳಚಿ ಬಂತು. ಕೆಳಗೆ ಅಂಚು ಕಂಡಿತು. ಕಪ್ಪು ತುಂಡು ಕೂಡ ಸರಿಯಾಗಿ ಕೂತೇ ಇತ್ತು. ಆಮೇಲೆ ಗೊತ್ತಾಯಿತು, ಅದು ಕೋಣದ ಕೊಂಬು, ಅಂಚು ಸವೆಯದಿರಲೆಂದು ಮೊದಲಿನಿಂದ ಇಡುವಂಥದ್ದು.

"ಸರಿಯಾಯ್ತಲ್ಲ, ಇನ್ನು ಸುತ್ತಿಡಿ," ಎಂದಳು ಅಪ್ಪಿ.

"ಸರಿಯಾಯ್ತು ಅಂತ ಯಾರು ಹೇಳಿದ್ದು? ಅಂಚು ಕೂದಲೆಳೆಯಷ್ಟು ಸವೆದ್ರೂ ಸ್ವರ ಬರ್ಲಿಕ್ಕಿಲ್ಲ ಅಂತ ಚಿತ್ರಮ್ಮ ಓದಿ ಹೇಳಿದ್ದು ಕೇಳ್ಲಿಲ್ವಾ?"

"ಹಾಗಾದ್ರೆ ಅವ್ರಿಗೇ ಫೋನ್ ಮಾಡಿ ಮಾರಾಯ್ರೆ."

"ಅವ್ರು ಅಲ್ಲಿ ತಾಯಿಯ ಮಂಚದ ಹತ್ರ ಕೂತಿದ್ದಾರೆ. ನಿಮ್ಮ ಗುರುಗಳ ಕೊಳಲಿಗೆ ಎಂ-ಸೀಲ್ ಹಾಕಿದೆ ಅಂತ ಹೇಳ್ಬೇಕಾ ನಾನು?"

ಹಾಗಾದರೆ ತಿಳಿಯುವುದು ಹೇಗೆ? ಕಟ್ಟಡದಲ್ಲಿ ಯಾರಿಗೂ ಅದನ್ನು ಊದಲು ಬರುವುದಿಲ್ಲ. ಕೊಳಲು ಬದುಕಿದೆಯೋ ಇಲ್ಲವೋ ತಿಳಿಯಬೇಕಾದರೆ ಒಂದೇ ದಾರಿ, ತನಿಯಪ್ಪನೇ ಊದಲು ಕಲಿಯಬೇಕು. ಮೊರಿತಾ ತಿರುಗಿ ಬರುವುದರೊಳಗೆ ಕಲಿಯಬೇಕು. ಈ ಮಾತು ಅವನೇ ಆಡಿದ, ಆಡಿ ಅವನೇ ಬೆವರಿದ.

ಬಿರುಬೇಸಿಗೆಯ ತಿಂಗಳುಗಳಲ್ಲಿ ನಡುಮಧ್ಯಾಹ್ನ ಹೊರಗೆ ಕೆಲಸ ಮಾಡಿಸಬಾರದೆಂದು ಇಲ್ಲಿ ಸರ್ಕಾರದ ಕಟ್ಟಳೆ. ತಾರಸಿಯ ಮೇಲೆ ಎಸಿ ಬಿಚ್ಚುವವರೆಲ್ಲ ಆ ಹೊತ್ತಿಗೆ ಮನೆಗೆ ಬರುತ್ತಾರೆ, ಉಂಡು ಮಲಗುತ್ತಾರೆ. ತನಿಯಪ್ಪ ಮಲಗುವುದನ್ನು ಬಿಟ್ಟ. ಮನೆಯಲ್ಲಿ ತೇವ ಇರುವ ಜಾಗವೆಂದರೆ ಬಚ್ಚಲು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ.

ಮೊದಲ ದಿನ ಕೊಳಲನ್ನು ಅಡ್ಡ ಹಿಡಿದಿದ್ದನಂತೆ. ಅಪ್ಪಿಯ ದನಿ ಸಂದಿನಲ್ಲಿ ಕೇಳಿಸಿತು. "ಕೃಷ್ಣ ಹಿಡಿದ ಹಾಗೆ ಹಿಡಿದ್ರೆ ಅದು ಕೃಷ್ಣನ ಕೊಳಲಾಗ್ತದಾ? ವೀಡಿಯೋದಲ್ಲಿ ನೆಟ್ಟಗೆ ಹಿಡಿದಿದ್ದಾರೆ, ನೋಡಿ."

ನೆಟ್ಟಗೆ ಹಿಡಿದರೂ ಬಂದದ್ದು ಬರೀ ಗಾಳಿ. ಸೈಕಲ್ ಟ್ಯೂಬಿನಿಂದ ಹೋಗುವ ಗಾಳಿಯ ಹಾಗೆ ಹುಸ್ಸೆಂದು. ತಲೆ ಸುತ್ತಿತು ಎಂದು ಹೊರಗೆ ಬಂದು ಮಲಗಿದ. ನಾಳೆ ಮತ್ತೆ ಹುಸ್ಸು, ನಾಡಿದ್ದೂ ಹುಸ್ಸು. ಅವನಿಗೆ ಇದ್ದದ್ದು ಒಂದೇ ಸಂಶಯ: "ಅಮ್ಮಾ, ಇದು ನನಗೆ ಬಾರದ್ದಾ, ಇಲ್ಲ ಅದು ಸತ್ತದ್ದಾ?"

ದಿನಾ ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತು ಕೇಳುತ್ತಿದ್ದೆನಲ್ಲ, ಹುಸ್ಸು ಎಲ್ಲವೂ ಒಂದೇ ಅಲ್ಲ ಎಂದು ನನಗೆ ತಿಳಿಯುತ್ತಾ ಬಂತು. ಮೊದಲಿಗೆ ಅದು ಚೆಲ್ಲಾಪಿಲ್ಲಿಯಾಗಿ ಬರುತ್ತಿತ್ತು. ಆಮೇಲೆ ಧೂಳುಗಾಳಿಯ ದಿನ ಬಾಗಿಲ ಕೆಳಗಿನಿಂದ ನುಗ್ಗುವ ಗಾಳಿಯ ಹಾಗೆ ಸಣ್ಣಗಾಯಿತು. ಒಂದು ದಿನ ಅದರೊಳಗೆ ಏನೋ ಗುಂಯ್ ಅಂದ ಹಾಗೆ, ಹಾಲು ಉಕ್ಕುವ ಮುಂಚೆ ಪಾತ್ರೆಯಲ್ಲಿ ಆಗುತ್ತದಲ್ಲ, ಹಾಗೆ ಕೇಳಿಸಿ ಅಡಗಿತು. ಕಿಟಕಿಗೆ ಬಾಯಿಟ್ಟು ಕೂಗಿದೆ. "ತನಿಯಪ್ಪ, ಈಗ ಊದಿದ್ದು ಬೇರೆ. ಅದನ್ನೇ ಇನ್ನೊಂದು ಸಲ ಊದು."

"ಯಾವುದು ಅಮ್ಮಾ?"

"ಅದೇ, ಮೆಲ್ಲಗೆ ಊದಿದ್ಯಲ್ಲ, ಅದು."

ಅವತ್ತಿಗೆ ಅದು ಮತ್ತೆ ಬರಲಿಲ್ಲ. ಆದರೆ ಅಂದಿನಿಂದ ಅವನು ಊದುವುದು, ನಾನು ಇತ್ತ ಕಡೆಯಿಂದ ಹೂಂ, ಉಹೂಂ ಎನ್ನುವುದು ಶುರುವಾಯಿತು. ನನಗೂ ಮಧ್ಯಾಹ್ನ ಯಾವಾಗ ಆದೀತೋ ಎಂಬ ಆತುರ. ಊಟ ಬೇಗ ಮುಗಿಸಿ, ಎಸಿಯ ಗೊರಗೊರ ಅಡ್ಡ ಬರಬಾರದೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಸೆಕೆಯಲ್ಲೇ ಕೂರುತ್ತಿದ್ದೆ.

ನಡುವೆ ಒಂದು ದಿನ ನಾನು ಅವರ ಮನೆಯಲ್ಲಿದ್ದಾಗ ಕಟ್ಟಡ ನೋಡಿಕೊಳ್ಳುವ ಹಂಝ ಮೇಲೆ ಬಂದ. ಅವನು ಉಳ್ಳಾಲದವನು, ತನಿಯಪ್ಪನ ದೋಸ್ತ. ಬಾಗಿಲಲ್ಲಿ ನಿಂತು, "ತನಿಯಣ್ಣ, ಪೈಪಲ್ಲಿ ಎಲ್ಲೋ ಗಾಳಿ ಸಿಕ್ಕಿದೆಯಂತೆ. ದಿನಾ ಮಧ್ಯಾಹ್ನ ಹುಸ್ ಹುಸ್ ಅಂತದಂತೆ. ಮೇಲಿನವ್ರು ಕಂಪ್ಲೇಂಟ್ ಕೊಟ್ಟಿದ್ದಾರೆ. ನೀವೇ ಒಮ್ಮೆ ನೋಡಿ ರಿಪೇರಿ ಮಾಡಿ," ಎಂದ.

ತನಿಯಪ್ಪ ಗಂಭೀರವಾಗಿ ತಲೆಯಾಡಿಸಿದ. "ನೋಡ್ತಾ ಇದ್ದೇನೆ ಹಂಝ. ಸ್ವಲ್ಪ ಟೈಮ್ ತೆಗೀತದೆ."

ಒಳಗಿನಿಂದ ಅಪ್ಪಿ ಸೆರಗು ಬಾಯಿಗೆ ಒತ್ತಿಕೊಂಡು ನಗುವುದು ನನಗೆ ಕೇಳಿಸಿತು.

ಜುಲೈ ಮುಗಿಯುತ್ತಾ ಬಂದಿತ್ತು. ಅವತ್ತು ತನಿಯಪ್ಪ ತಾರಸಿಯ ಕೆಲಸದಿಂದ ಸೋತು ಬಂದಿದ್ದ. ಊದುವ ಹುರುಪೂ ಇಲ್ಲದೆ ಬಕೆಟ್ಟಿನ ಮೇಲೆ ಕುಸಿದು, ಗದ್ದ ಎದೆಗೆ ಇಳಿಸಿ, ನಿಟ್ಟುಸಿರು ಬಿಟ್ಟ ಹಾಗೆ ಉಸಿರನ್ನು ಕೊಳಲಿಗೆ ಬಿಟ್ಟನಂತೆ. ನಾನು ದೋಸೆ ಹುಯ್ದು ನಿಂತಿದ್ದೆ. ಸಂದಿನೊಳಗಿಂದ ಒಂದು ದನಿ ಎದ್ದು ಬಂತು. ತಗ್ಗಿನದು, ದುಂಡಗಿನದು, ಮೊದಲು ಉಸಿರು, ಆಮೇಲೆ ಉಸಿರಿನೊಳಗಿಂದ ಸ್ವರ. ನನ್ನ ಮೈಯ ರೋಮವೆಲ್ಲ ನಿಂತಿತು. ಕೈಯಲ್ಲಿ ಸೌಟು ಹಿಡಿದೇ ಅವರ ಬಾಗಿಲಿಗೆ ಓಡಿದೆ. ಈ ಮಂಡಿ ಅಷ್ಟು ಬೇಗ ಮಡಚಿ ಎಷ್ಟು ವರ್ಷವಾಗಿತ್ತೋ.

ಅವನೂ ಬಾಗಿಲು ತೆಗೆದು ಹೊರಗೆ ಬರುತ್ತಿದ್ದ.

"ಕೇಳ್ತಾ ಅಮ್ಮಾ?"

"ಕೇಳಿಸ್ತು ಕಣಪ್ಪ."

"ನಿಜವಾಗ್ಲೂ ಕೇಳ್ತಾ?"

"ನಿಜವಾಗ್ಲೂ ಕೇಳಿಸ್ತು."

ಅವನ ಕಣ್ಣು ತುಂಬಿತ್ತು. "ಸತ್ತಿಲ್ಲ ಅಮ್ಮಾ ಅದು," ಎಂದ. ನನ್ನ ದೋಸೆ ಸೀದ ವಾಸನೆ ಅಲ್ಲಿಗೂ ಬರುತ್ತಿತ್ತು, ಹೋಗಿ ಒಲೆ ಆರಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಸ್ವರ ಬಂದರೂ ನಡುವೆ ಮುರಿಯುತ್ತಿತ್ತು. ಅಂಚು ಸವೆದಿರಬೇಕು ಎಂದು ತನಿಯಪ್ಪ ಮತ್ತೆ ಮುಖ ಸಣ್ಣದು ಮಾಡಿದ. ಒಂದು ವಾರ ನಾನು ಬರೀ ಆ ಮುರಿಯುವುದನ್ನೇ ಕೇಳಿದೆ. ಆಮೇಲೆ ಹೇಳಿದೆ. "ಕೊಳಲಿನ ದೋಷವಾಗಿದ್ರೆ ದಿನಾ ಒಂದೇ ಕಡೆ ಮುರೀಬೇಕು. ಇದು ನಿನ್ನೆ ಮೊದಲಲ್ಲಿ ಮುರೀತು, ಇವತ್ತು ಕೊನೇಲಿ. ದೋಷ ನಿಂದು."

"ನನ್ನದಾ?"

"ನಿಂದೇ."

ನಿನ್ನದೇ ತಪ್ಪು ಎಂದರೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಕಂಡಿಲ್ಲ. ಒಳಗೆ ಹೋಗಿ ಅಪ್ಪಿಗೂ ಹೇಳಿದ, "ಕೇಳಿದ್ಯಾ, ಎಲ್ಲ ನನ್ನದೇ ತಪ್ಪಂತೆ." "ಅದು ನಾನು ಮದುವೆಯಾದಾಗಿಂದ ಹೇಳ್ತಾ ಇದ್ದೇನೆ," ಎಂದಳು ಅವಳು.

ಆಗಸ್ಟಿನಲ್ಲಿ ಸೆಕೆ ತೇವಕ್ಕೆ ತಿರುಗಿತು. ಅವನ ಸ್ವರವೂ ಉದ್ದವಾಯಿತು. ಹಾಡು ಗೀಡು ಅಲ್ಲ, ಅದೇ ಒಂದು ತಗ್ಗಿನ ಸ್ವರ. 'ರೋ' ಅನ್ನುತ್ತಾರಂತೆ ಅದಕ್ಕೆ. ಪರೀಕ್ಷೆ ಮುಗಿಯಿತಲ್ಲ, ಇನ್ನೇಕೆ ಊದುವುದು ಎಂದು ಅಪ್ಪಿ ಕೇಳಿದರೆ, "ಇವತ್ತು ಒಂದು ಸರ್ತಿ," ಎನ್ನುತ್ತಿದ್ದ. ನಾಳೆಯೂ ಅದೇ ಉತ್ತರ.

ಮೊರಿತಾ ಬಂದರು. ತಾಯಿ ಎದ್ದು ಓಡಾಡುತ್ತಿದ್ದಾರಂತೆ. ಶುಕ್ರವಾರ ಕೊಳಲು ಒಯ್ಯಲು ತಾವೇ ಮನೆಗೆ ಬರುವುದಾಗಿ ಹೇಳಿದ್ದರು. ಅಪ್ಪಿ ಬೆಳಿಗ್ಗೆಯೇ ಗೋಳಿಬಜೆಗೆ ಹಿಟ್ಟು ಕಲಸಿದಳು. ಇಂಗ್ಲಿಷಿಗೆಂದು ಚಿತ್ರಾಳನ್ನು ಕರೆದರು, ಅವಳ ಹಿಂದೆ ನಾನೂ ಹೋದೆ. ತೆಳ್ಳನೆಯ ಮನುಷ್ಯ, ಬಾಗಿಲಲ್ಲಿ ಶೂ ಬಿಚ್ಚಿ, ನನ್ನ ಮುಂದೆ ಸೊಂಟದಿಂದ ಬಾಗಿದರು. ನಾನೂ ಕೈ ಮುಗಿದೆ.

ತನಿಯಪ್ಪ ಕೊಳಲು ಕೊಟ್ಟ. ಮೊರಿತಾ ಬಟ್ಟೆ ಬಿಚ್ಚಿ, ತುಟಿ ಒದ್ದೆ ಮಾಡಿಕೊಂಡು ಊದಿದರು. ಕೋಣೆ ತುಂಬಿಹೋಯಿತು. ತನಿಯಪ್ಪ ಕಣ್ಣು ಮುಚ್ಚಿದ. ಸ್ವರ ಮುರಿಯಲಿಲ್ಲ. ಆದರೆ ಮೊರಿತಾ ಅರ್ಧಕ್ಕೇ ನಿಲ್ಲಿಸಿ ಕೊಳಲನ್ನೇ ನೋಡಿದರು, ಏನೋ ಕೇಳಿದರು.

"ಇದನ್ನ ಯಾರೋ ದಿನಾ ಊದಿದ್ದಾರೆ ಅಂತಿದ್ದಾರೆ, ಅಂಕಲ್," ಎಂದಳು ಚಿತ್ರಾ. "ಊದದೇ ಇಟ್ಟಿದ್ರೆ ದನಿ ಮಲಗಿರ್ತಿತ್ತಂತೆ."

ಆಗ ಅವನ ಬಾಯಿ ಬಿಚ್ಚಿತು. ತನ್ನ ಇಂಗ್ಲಿಷು, ಹಿಂದಿ, ಅರಬ್ಬಿ ಎಲ್ಲ ಸೇರಿಸಿ ಹೇಳಿದ. "ಸರ್, ಮೈ ಮಿಸ್ಟೇಕ್. ಐ ಥಿಂಕ್ ಬ್ರೋಕನ್. ಗಮ್ ಲಗಾಯಾ. ಮೌತ್ ಫುಲ್ ಬಂದ್, ಖಲಾಸ್. ಆಫ್ಟರ್, ಸ್ಲೋ ಸ್ಲೋ ರಿಮೂವ್. ದೆನ್ ಐ ಬ್ಲೋ, ಫಾರ್ ಚೆಕಿಂಗ್." ಅರ್ಥವಾಗದೆ ಉಳಿದದ್ದನ್ನು ಚಿತ್ರಾ ಹೇಳಿದಳು.

ಮೊರಿತಾ ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಒಂದು ಕೊನೆಯಲ್ಲಿ ಬೆರಳು ನಿಂತಿತು. ಅಲ್ಲಿ ಒಂದು ಗೀರು ಆಗಿದೆ, ಮೇಲಿನ ಸ್ವರಗಳು ಇನ್ನು ಮುಂದೆ ಸ್ವಲ್ಪ ಒರಟಾಗಿ ಬರುತ್ತವೆ ಎಂದರು. ತಗ್ಗಿನ ಸ್ವರ ಮಾತ್ರ ಗುರುಗಳು ಊದುತ್ತಿದ್ದಾಗಿನ ಹಾಗೆ ತೆರೆದುಕೊಂಡಿದೆ, ತಮ್ಮ ಕೈಯಲ್ಲಿ ಅದು ಹಾಗೆ ಬಂದಿರಲಿಲ್ಲ ಎಂದರು. ಕೋಪ ಇದೆಯೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಕೊಳಲನ್ನು ತನಿಯಪ್ಪನಿಗೆ ಚಾಚಿ, ಊದು ಎಂದು ಸನ್ನೆ ಮಾಡಿದರು.

ತನಿಯಪ್ಪ ಬಚ್ಚಲ ಕಡೆಗೆ ನೋಡಿದ. "ಇಲ್ಲೇ ಊದಿ ಮಾರಾಯ್ರೆ," ಎಂದು ಅಪ್ಪಿ ಮೆಲ್ಲಗೆ ಅಂದಳು. ಊದಿದ. ಸ್ವರ ಬಂತು. ಮೊರಿತಾ ಎದ್ದು ಬಂದು ಎರಡು ಬೆರಳಿನಿಂದ ಅವನ ಹಣೆಯನ್ನು ತುಸು ಕೆಳಗೆ ಒತ್ತಿದರು. ಸ್ವರ ಬಾಗಿತು, ದಿನದ ಬೆಳಕು ಇಳಿದ ಹಾಗೆ. ಬೆರಳು ತೆಗೆದರು, ಮತ್ತೆ ಏರಿತು. ತನಿಯಪ್ಪ ಊದುವುದು ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಹೂಂ ಎಂದೆ.

ಹೊರಡುವಾಗ ಮೊರಿತಾ ಶೂ ಹಾಕಿಕೊಳ್ಳುತ್ತಾ, ನಾಳೆಯಿಂದ ಯಾವುದನ್ನು ಊದುತ್ತೀಯ ಎಂದು ಕೇಳಿದರು. ತನಿಯಪ್ಪ ನಾಚಿಕೊಂಡು ಒಳಗೆ ಹೋಗಿ ಬೂದು ಬಣ್ಣದ ಪಿವಿಸಿ ಪೈಪಿನ ತುಂಡೊಂದನ್ನು ತಂದ. ಮುಂದೆ ನಾಲ್ಕು ತೂತು, ಹಿಂದೆ ಒಂದು. ತಲೆಯಲ್ಲಿ ಓರೆಯಾದ ಅಂಚು. ಅಷ್ಟು ದಿನ ಕೆರೆದು ಕೆರೆದು ಆ ಓರೆ ಅವನ ಬೆರಳಿಗೆ ಬಾಯಿಪಾಠವಾಗಿತ್ತಲ್ಲ.

ಮೊರಿತಾ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚು ನೋಡಿದರು, ಬಾಗಿಲಲ್ಲೇ ನಿಂತು ಊದಿದರು. ಪೈಪು ಹಾಡಿತು. ಅವರಿಗೆ ನಗು ತಡೆಯಲಾಗಲಿಲ್ಲ, ಭುಜವೆಲ್ಲ ಕುಲುಕಿ ನಕ್ಕರು. ಆಮೇಲೆ ಕಾಲಿಗೆ ಹಾಕಿದ್ದ ಶೂ ಮತ್ತೆ ಬಿಚ್ಚಿ, ಒಳಗೆ ಬಂದು, ತನಿಯಪ್ಪನ ಎದುರು ನೆಲದ ಮೇಲೆ ಕೂತರು.