ಪಾತಾಳಗರಡಿಯ ಒತ್ತೆ

ಆಚೆಮನೆ ದೊಡ್ಡಮ್ಮನ ಬಲ ಅಂಗೈಯಲ್ಲಿ ಅಡ್ಡಕ್ಕೆ ಒಂದು ಗೀರು ಇತ್ತು. ಹಗ್ಗ ಹಿಡಿದು ಹಿಡಿದು ಚರ್ಮ ದಪ್ಪಗಟ್ಟಿ ಆದ ಗೀರು. ಹಗ್ಗವನ್ನು ಆ ಗೀರಿನಲ್ಲೇ ಕೂರಿಸಿ, ಬಾವಿಕಟ್ಟೆಗೆ ಹೊಟ್ಟೆ ಆನಿಸಿ, ಕಣ್ಣು ಮುಚ್ಚಿ, ಎಲೆಯಡಿಕೆಯಿಂದ ಕೆಂಪಾದ ಬಾಯಿಯನ್ನು ಸ್ವಲ್ಪ ತೆರೆದು ನಿಂತರೆಂದರೆ ಸುತ್ತಲಿನವರು ಯಾರೂ ಮಾತಾಡುವ ಹಾಗಿರಲಿಲ್ಲ. ನೀರಿನಡಿಯಲ್ಲಿ ಕೊಕ್ಕೆಗೆ ತಾಗಿದ್ದು ಕಲ್ಲೋ, ಬೇರೋ, ಕೊಡಪಾನವೋ ಎಂದು ಅವರಿಗೆ ಅಂಗೈಯಲ್ಲೇ ಗೊತ್ತಾಗುತ್ತಿತ್ತು.

ಅವರಲ್ಲಿ ಒಂದು ಪಾತಾಳಗರಡಿ ಇತ್ತು. ಕಬ್ಬಿಣದ ಬಳೆಯೊಂದಕ್ಕೆ ಹತ್ತು ಹನ್ನೆರಡು ಕೊಕ್ಕೆ ನೇತುಹಾಕಿದ, ಬಾವಿಗೆ ಬಿದ್ದ ಪಾತ್ರೆ ಎತ್ತುವ ಸಾಮಾನು. ಕಾಣಿಯೂರಿನಿಂದ ಒಳಗೆ, ನಮ್ಮ ಕಡೆ ಇದ್ದದ್ದು ಅದೊಂದೇ. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡ ತೀರಿಕೊಂಡು ಅಣ್ಣನ ಮನೆಗೆ ಹಿಂದಿರುಗುವಾಗ ಅವರು ಗಂಡನ ಮನೆಯಿಂದ ಕೇಳಿ ತಂದದ್ದು ಇದನ್ನು ಮಾತ್ರವಂತೆ. ಯಾಕೆಂದು ಕೇಳಿದರೆ, "ಚಿನ್ನ ಕೇಳಿದ್ರೆ ಕೊಡ್ತಿರಲಿಲ್ಲ ಮಾರಾಯ್ತಿ" ಎಂದು ನಗುತ್ತಿದ್ದರು.

ಪಾತಾಳಗರಡಿ ಎರವಲು ಕೊಡುವವರು ಒತ್ತೆಗೆಂದು ಒಂದು ಚೆಂಬನ್ನೋ ತಟ್ಟೆಯನ್ನೋ ಇರಿಸಿಕೊಳ್ಳುವುದು ಎಲ್ಲ ಕಡೆ ನಡೆದು ಬಂದದ್ದು. ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಅದು ಹಿಂದೆ ಬರುವುದಿಲ್ಲ. ದೊಡ್ಡಮ್ಮನಿಗೆ ಚೆಂಬು ಬೇಡ. "ಅದನ್ನು ತಿಕ್ಕಿ ಇಡುವ ಕೆಲಸ ಪುನಃ ನಂಗೇ" ಎನ್ನುತ್ತಿದ್ದರು. ಅವರು ಕೇಳುತ್ತಿದ್ದದ್ದು ಒಂದೇ: "ನಿಮಗೆ ಎಂತ ಬರ್ತದೆ?" ಬರುವ ಕೆಲಸವನ್ನು ಒಂದು ಬೆಳಿಗ್ಗೆ ಶಾಲೆಗೆ ಬಂದು ಮಾಡಿಕೊಡಬೇಕು. ಅದೇ ಅವರ ಒತ್ತೆ.

ಶಾಲೆ ಅವರ ಮನೆಯ ಪಕ್ಕದಲ್ಲೇ ಇತ್ತು. ಒಂದು ಕೋಣೆ, ಐದು ತರಗತಿ, ಒಬ್ಬರೇ ಮಾಸ್ಟ್ರು. ಮಧ್ಯಾಹ್ನ ಮಕ್ಕಳಿಗೆ ಸಜ್ಜಿಗೆ ಮಾಡಿಕೊಡಬೇಕೆಂದು ಸರಕಾರದ ಗೋಧಿ ರವೆ ಬರತೊಡಗಿದಾಗ, ಅಡುಗೆ ಮಾಡುವವರು ಯಾರು ಎಂದು ಊರವರು ಚರ್ಚೆ ಮಾಡುತ್ತಾ ಕುಳಿತರು. ದೊಡ್ಡಮ್ಮ ಮನೆಯಿಂದ ಸೌಟು ತೆಗೆದುಕೊಂಡು ಹೋಗಿ ಒಲೆ ಹೊತ್ತಿಸಿದರು. ಅಲ್ಲಿಗೆ ಚರ್ಚೆ ಮುಗಿಯಿತು.

ಒತ್ತೆಯ ಲೆಕ್ಕದಲ್ಲಿ ಟೈಲರ್ ಶಾಲೆಯ ಜಗಲಿಯಲ್ಲಿ ಕುಳಿತು ಮಕ್ಕಳ ಅಂಗಿಗಳಿಗೆ ಗುಂಡಿ ಹಾಕಿಕೊಟ್ಟ. ಆಚಾರಿ ಬಂದು ಅಲ್ಲಾಡುವ ಬೆಂಚಿನ ಕಾಲು ಸರಿಮಾಡಿದರು. ಗುತ್ತಿನ ಮನೆಯ ಯಜಮಾನರದ್ದೇ ಕಷ್ಟವಾಯಿತು. ದೊಡ್ಡ ಜಮೀನಿನವರು, ಕೈಗೆ ಮಣ್ಣು ತಾಗಿಸಿಕೊಂಡವರಲ್ಲ.

"ನನಗೆಂತ ಬರ್ತದೆ? ಆಳುಗಳಿಗೆ ಹೇಳ್ಲಿಕ್ಕೆ ಬರ್ತದೆ, ಅಷ್ಟೆ" ಎಂದರು ಅವರು.

"ಹೇಳ್ಲಿಕ್ಕೆ ಬರ್ತದಲ್ಲ ಯಜಮಾನ್ರೆ, ಸಾಕು. ಮಕ್ಕಳಿಗೆ ಕಥೆ ಹೇಳಿ."

ಯಜಮಾನರು ಶಾಲು ಹೊದ್ದು ಬಂದರು. ಯಕ್ಷಗಾನದ ಆಟದಲ್ಲಿ ನೋಡಿದ ಯುದ್ಧದ ಕಥೆಯೊಂದನ್ನು ಹೇಳುತ್ತಾ ಹೇಳುತ್ತಾ ತಾವೇ ಕಣ್ಣು ಒರೆಸಿಕೊಂಡರು. ಆಮೇಲೆ ಅವರ ಬಾವಿಗೆ ಏನೂ ಬೀಳದಿದ್ದರೂ ಪ್ರತಿ ಶನಿವಾರ ಬರತೊಡಗಿದರು.

ನಾನು ಕುಂಬ್ರದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಎಂಟನೆಯ ತರಗತಿಯವರೆಗೆ ಓದಿದ್ದೆ. ಅತ್ತೆ ಕೆಟ್ಟವರಲ್ಲ. ಆದರೆ ಸೊಸೆಯಾದವಳು ಅಂಗಳದಾಚೆಯ ಬೇಲಿಯ ತಡಮೆ ದಾಟಬಾರದು ಎಂದರೆ ದಾಟಬಾರದು. ನನ್ನ ಮೊದಲ ಮಗು ಒಂಬತ್ತೇ ದಿನ ಬದುಕಿತು. ಅದಾದ ಮೇಲೆ ನನಗೆ ಮಾತೇ ಬೇಡವಾಯಿತು. ಕರೆದರೆ ಓಗೊಡುತ್ತಿದ್ದೆ, ಹೇಳಿದ ಕೆಲಸ ಮಾಡುತ್ತಿದ್ದೆ, ಅಷ್ಟೆ. ಹೀಗೇ ಇದ್ದರೆ ಇವಳಿಗೆ ಹುಚ್ಚು ಹಿಡಿಯುತ್ತದೆ ಎಂದು ಮನೆಯವರು ಪಿಸುಗುಟ್ಟುವುದು ನನ್ನ ಕಿವಿಗೂ ಬಿದ್ದಿತ್ತು. ನನಗೂ ಹಾಗೇ ಹೆದರಿಕೆಯಿತ್ತು.

ಹಾಗಿರುವಾಗ ಒಂದು ದಿನ ನೀರು ಸೇದುತ್ತಾ ಕೊಡಪಾನ ಬಾವಿಗೆ ಬಿಟ್ಟೆ. ಅದು ಅತ್ತೆಯ ತವರಿನ ಹಿತ್ತಾಳೆಯ ಕೊಡಪಾನ. ಅತ್ತೆ ಮಧ್ಯಾಹ್ನದವರೆಗೆ ಬೈದು, ಆಮೇಲೆ ಆಚೆಮನೆಗೆ ಹೇಳಿಕಳಿಸಿದರು.

ದೊಡ್ಡಮ್ಮ ತಾವೇ ಬಂದರು. ಎರಡು ಸಲ ಕೊಕ್ಕೆ ಬರಿದಾಗಿ ಬಂತು. ಮೂರನೆಯ ಸಲ ಏನೋ ಸಿಕ್ಕಿತು. ಮೇಲೆ ಬಂದದ್ದು ಕೊಡಪಾನವಲ್ಲ, ಕೆಸರು ತುಂಬಿ ಕಪ್ಪಾದ ಒಂದು ಚೆಂಬು. ಅದನ್ನು ನೋಡಿ ಅತ್ತೆ ಮೆಟ್ಟಿಲಿನಲ್ಲಿ ಕುಳಿತುಬಿಟ್ಟರು. ಆ ಚೆಂಬು ಕದ್ದಳೆಂದು ಅವರು ಆರು ವರ್ಷದ ಹಿಂದೆ ಕೋಡಿಂಬಾಳದ ಕೆಲಸದವಳೊಬ್ಬಳನ್ನು ಮನೆ ಬಿಡಿಸಿದ್ದರು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು.

ದೊಡ್ಡಮ್ಮ ನನ್ನಿಂದ ಹುಳಿ ತರಿಸಿ, ಚೆಂಬನ್ನು ಬೆಳಗಿ, ಅತ್ತೆಯ ಪಕ್ಕದಲ್ಲಿ ಕವುಚಿ ಇಟ್ಟು ಪುನಃ ಹಗ್ಗ ಇಳಿಸಿದರು. ಕೊಡಪಾನವೂ ಬಂತು. ಆಮೇಲೆ ನನ್ನ ಕಡೆ ತಿರುಗಿದರು.

"ಬೀಳಿಸಿದ್ದು ನೀನು, ಒತ್ತೆ ನಿಂದೇ. ನಿಂಗೆ ಎಂತ ಬರ್ತದೆ?"

"ನಂಗೆ ಎಂತದೂ ಬರುದಿಲ್ಲ."

"ಎಂಟನೇ ಕ್ಲಾಸು ಓದಿದವಳು ಹಾಗೆ ಹೇಳಿದ್ರೆ ಹೆಬ್ಬೆಟ್ಟು ಒತ್ತುವ ನಾನು ಎಂತ ಹೇಳುದು? ಒಂದನೇ ಕ್ಲಾಸಿನ ಮಕ್ಕಳು ಇಡೀ ದಿನ ಗೋಡೆ ನೋಡ್ತಾ ಕೂತಿರ್ತವೆ. ನಾಳೆ ಬಾ."

ನಾನು ಅತ್ತೆಯ ಮುಖ ನೋಡಿದೆ. ಅವರು ಚೆಂಬನ್ನೇ ನೋಡುತ್ತಿದ್ದರು. ಅದನ್ನು ಕೈಗೆತ್ತಿಕೊಂಡು, "ಹೋಗಿ ಬರಲಿ. ಒಂದು ಬೆಳಿಗ್ಗೆ ಮಾತ್ರ" ಎಂದರು. ಅದೇ ವಾರ ಅವರೊಬ್ಬರೇ ಕೋಡಿಂಬಾಳಕ್ಕೆ ನಡೆದುಹೋದರು. ಹೋಗುವಾಗ ಕೈಯಲ್ಲಿದ್ದ ಚೆಂಬು ಬರುವಾಗ ಇರಲಿಲ್ಲ. ಅಲ್ಲಿ ಏನಾಯಿತೆಂದು ಅವರು ಕೊನೆಯವರೆಗೂ ಹೇಳಲಿಲ್ಲ.

ಕೊಡಪಾನ ಎತ್ತಿದ ಮರುದಿನವೇ ನಾನು ತಡಮೆ ದಾಟಿ ಶಾಲೆಗೆ ಹೋದೆ. ಸ್ಲೇಟಿನಲ್ಲಿ ‘ಅ’ ಬರೆಸುತ್ತಿದ್ದಾಗ ಮೂಗು ಸೋರುವ ಒಂದು ಹುಡುಗಿ ಹೇಳದೆ ಕೇಳದೆ ಬಂದು ನನ್ನ ಮಡಿಲಲ್ಲಿ ಕುಳಿತಿತು. ಅದರ ತಲೆಯ ತೆಂಗಿನೆಣ್ಣೆಯ ವಾಸನೆಗೆ ನನಗೆ ತಡೆಯಲಾಗಲಿಲ್ಲ. ಮಗು ಹೋದ ದಿನವೂ ಅಳದವಳು ಅಲ್ಲಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮಕ್ಕಳು ಪೆಚ್ಚಾಗಿ ನೋಡಿದವು. ಒಲೆಯ ಹತ್ತಿರದಿಂದ ದೊಡ್ಡಮ್ಮ, "ಹೊಗೆ ಆ ಕಡೆ ಬರ್ತಾ ಉಂಟಾ?" ಎಂದು ಗಟ್ಟಿಯಾಗಿ ಕೇಳಿ, ಸುಮ್ಮನೆ ಸೌದೆ ಸರಿಸಿದರು. ಆ ಒಂದು ಮಾತಿಗಾಗಿ ಅವರನ್ನು ನಾನು ಇವತ್ತಿಗೂ ಪ್ರೀತಿಸುತ್ತೇನೆ.

ಮಧ್ಯಾಹ್ನ ಹೊರಡುವಾಗ, "ದೊಡ್ಡಮ್ಮ, ಒತ್ತೆ ತೀರಿತಾ?" ಎಂದು ಕೇಳಿದೆ.

"ಎಲ್ಲಿ ತೀರಿತು? ಮಕ್ಕಳು ಇನ್ನೂ ‘ಅ’ದಲ್ಲೇ ಉಂಟು. ‘ಳ’ದವರೆಗೆ ಬರಲಿ."

‘ಳ’ ಆದ ಮೇಲೆ ಕಾಗುಣಿತ ಬಂತು, ಕಾಗುಣಿತದ ಮೇಲೆ ಮಗ್ಗಿ ಬಂತು. ಒತ್ತೆ ಉಳಿಸಿಕೊಂಡ ಮನೆ ಎಂಬ ಹೆಸರು ಬರಬಾರದೆಂದು ಅತ್ತೆ ಗೊಣಗುತ್ತಲೇ ಕಳಿಸಿದರು. ಎರಡು ವರ್ಷ ಕಳೆದ ಮೇಲೆ ಮಾಸ್ಟ್ರೇ ಶಿಕ್ಷಕರ ತರಬೇತಿಯ ಅರ್ಜಿ ತಂದುಕೊಟ್ಟರು. ತರಬೇತಿ ಮುಗಿಸಿ ಅದೇ ಶಾಲೆಗೆ ಎರಡನೆಯ ಟೀಚರಾಗಿ ಬಂದೆ. ದೊಡ್ಡಮ್ಮ ಆ ದಿನ ಸಜ್ಜಿಗೆಗೆ ಸ್ವಲ್ಪ ಬೆಲ್ಲ ಹಾಕಿದ್ದರು.

ಮೂರೇ ದಿನದ ಜ್ವರಕ್ಕೆ ಅವರು ಹೋದರು. ದೇಹಕ್ಕೆ ಸ್ನಾನ ಮಾಡಿಸಲು ಅವರ ಬಾವಿಯಿಂದ ನೀರು ಸೇದುತ್ತಿದ್ದವಳು ನಾನೇ. ಕಣ್ಣು ಮಂಜಾಗಿ, ಕೈ ಸಡಿಲವಾಗಿ, ಕೊಡಪಾನ ಬಾವಿಗೆ ಬಿತ್ತು. ಪಾತಾಳಗರಡಿ ಜಗಲಿಯ ಮೊಳೆಯಲ್ಲಿ ತೂಗುತ್ತಿತ್ತು. ಅಷ್ಟು ಜನ ಇದ್ದರೂ ಯಾರೂ ಅದಕ್ಕೆ ಕೈ ಹಾಕಲಿಲ್ಲ.

"ಇನ್ನು ಒತ್ತೆ ಯಾರತ್ರ ಇಡುದು?" ಎಂದರು ಗುತ್ತಿನ ಯಜಮಾನರು.

ಹೆಂಗಸರ ನಡುವಿನಿಂದ ಅತ್ತೆ ಎದ್ದು ಹೋಗಿ ಪಾತಾಳಗರಡಿಯನ್ನು ಮೊಳೆಯಿಂದ ತೆಗೆದರು.

"ಒತ್ತೆ ನಂದು. ನಂಗೆ ಸಜ್ಜಿಗೆ ಮಾಡ್ಲಿಕ್ಕೆ ಬರ್ತದೆ. ನಾಳೆ ಮಕ್ಕಳು ಹಸಿದು ಕೂರುದು ಬೇಡ."

ಬಾವಿಕಟ್ಟೆಗೆ ಹೊಟ್ಟೆ ಆನಿಸಿ ಅತ್ತೆ ಹಗ್ಗ ಇಳಿಸಿದರು. ಬಹಳ ಹೊತ್ತು ಹಿಡಿಯಿತು, ಆದರೆ ಕೊಡಪಾನ ಬಂತು. ಅದೇ ನೀರಿನಲ್ಲಿ ದೊಡ್ಡಮ್ಮನಿಗೆ ಸ್ನಾನ ಮಾಡಿಸಿದೆವು.

ಮರುದಿನ ನಾನೂ ಅತ್ತೆಯೂ ಒಟ್ಟಿಗೆ ತಡಮೆ ದಾಟಿದೆವು. ಸಜ್ಜಿಗೆಗೆ ಉಪ್ಪು ಜಾಸ್ತಿಯಾಗಿತ್ತು. ಮಕ್ಕಳು ನೀರು ಕುಡಿದು ಕುಡಿದು ತಿಂದವು. ಕೈಕಾಲಿನಲ್ಲಿ ಶಕ್ತಿ ಇರುವವರೆಗೂ ಅತ್ತೆ ಆ ಒಲೆಯನ್ನು ಬಿಡಲಿಲ್ಲ.

ನನ್ನ ಒಂದು ಬೆಳಿಗ್ಗೆ ಮೂವತ್ತು ವರ್ಷ ನಡೆಯಿತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದಾಗ, ಒತ್ತೆ ತೀರಿತಾ ದೊಡ್ಡಮ್ಮ ಎಂದು ಕೇಳಬೇಕೆನಿಸಿತು. ಅವರು ಎಂತ ಹೇಳುತ್ತಿದ್ದರೆಂದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆಯೂ ಶಾಲೆಗೆ ಹೋದೆ.